ಎಪ್ಪತ್ತೆರಡರ ಅಕ್ಕ ಬಂಡೆ ಹತ್ತಲು ಹೊರಟದ್ದು

ಬರ್ಲಿಂಗ್ಟನ್, ಮೊದಲ ಬೆಳಿಗ್ಗೆ

ಕೆನಡಾದಲ್ಲಿ ನಾನು ಕಂಡ ಮೊದಲ ನೆರೆಕರೆಯವರು ಒಂದು ಅಸ್ಥಿಪಂಜರ.

ಹಿಂದಿನ ದಿನ ಅಕ್ಕ ವಿಮಾನ ನಿಲ್ದಾಣದಿಂದ ಕರೆದುಕೊಂಡು ಬರುವಾಗ ನನಗೆ ಕಣ್ಣು ಎಳೆಯುತ್ತಿತ್ತು. ಊರು ಹೇಗಿದೆ ಎಂದು ನೋಡಿರಲೇ ಇಲ್ಲ. ಬೆಳಿಗ್ಗೆ ಎದ್ದು ಕಾಫಿ ಲೋಟ ಹಿಡಿದು ಕಿಟಕಿಯ ಪರದೆ ಸರಿಸಿದರೆ, ಎದುರು ಮನೆಯ ಮಾಡಿನಿಂದ ಹಗ್ಗ ಇಳಿಬಿಟ್ಟಿದೆ, ಆ ಹಗ್ಗ ಹಿಡಿದು ಆಳೆತ್ತರದ ಎಲುಬಿನ ಗೂಡೊಂದು ಗೋಡೆ ಹತ್ತುತ್ತಿದೆ. ಕೆಳಗೆ ಹುಲ್ಲಿನ ಮೇಲೆ ಮೂರು ಗೋರಿ. ನಾನು ಹಾಕಿದ ಕೂಗಿಗೆ ಅಕ್ಕ ಹಲ್ಲುಜ್ಜುವ ಬ್ರಶ್ಶಿನ ಸಮೇತ ಓಡಿಬಂದಳು.

"ಎಂತ ಬೇಬಿ ನೀನು! ಅದು ಹ್ಯಾಲೋವೀನಿಂದು ಮಾರಾಯ್ತಿ. ಪ್ಲಾಸ್ಟಿಕ್ಕು."

ಹೆದರಿಕೆಯಾಗುವ ಹಾಗೆ ಮನೆ ಸಿಂಗರಿಸುವ ಹಬ್ಬವಂತೆ. ನಾವು ಹಬ್ಬಕ್ಕೆ ತೋರಣ ಕಟ್ಟುತ್ತೇವೆ, ಕೆಟ್ಟದ್ದು ಮನೆ ಕಡೆ ಸುಳಿಯದಿರಲಿ ಎಂದು ಕಾಯಿ ಒಡೆಯುತ್ತೇವೆ. ಇವರು ಕೆಟ್ಟದ್ದನ್ನೇ ಕರೆದು ಅಂಗಳದಲ್ಲಿ ಕೂರಿಸಿ ಅದಕ್ಕೆ ಬಣ್ಣದ ದೀಪ ಬೇರೆ ಹಾಕಿದ್ದಾರೆ. ಎಲ್ಲ ಮನೆಗಳ ಬಾಗಿಲಲ್ಲೂ ಎರಡೆರಡು ಚೀನಿಕಾಯಿ, ಎಂದರೆ ಸಿಹಿಗುಂಬಳ, ಇತ್ತು. ಒಂದೊಂದೂ ಹತ್ತು ಜನರ ಸಾಂಬಾರಿಗೆ ಸಾಕಾಗುವಂಥದ್ದು. "ಹಬ್ಬದ ಅಡುಗೆಗಾ?" ಎಂದು ಕೇಳಿದೆ. "ಅಡುಗೆಗಲ್ಲ, ಚಂದಕ್ಕೆ" ಎಂದಳು ಅಕ್ಕ. "ಮತ್ತೆ?" "ಮತ್ತೆ ಬಿಸಾಡುದು." ಅಸ್ಥಿಪಂಜರಕ್ಕಿಂತ ಹೆಚ್ಚು ಆಘಾತ ನನಗೆ ಈ ಮಾತಿನಿಂದಲೇ ಆಯಿತು.

ಬೇಬಿ ಎಂದರೆ ಅರವತ್ತಾರು ವರ್ಷದ ನಾನು. ಕಾರ್ಕಳದ ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತೈದು ವರ್ಷ ಕೂತು ನಿವೃತ್ತಳಾದವಳು. ದಾಖಲೆಯಲ್ಲಿ ಬೇರೆ ಹೆಸರಿದೆ, ಅದರಿಂದ ನನ್ನನ್ನು ಕರೆಯುವವರು ಯಾರೂ ಇಲ್ಲ. ಅಕ್ಕ ವಾರಿಜ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಮದುವೆಯಾಗಿ ಇಲ್ಲಿಗೆ ಬಂದು, ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು, ಈಗ ಒಬ್ಬಳೇ ಇದ್ದಾಳೆ. ಭಾವ ಹೋಗಿ ಮೂರು ವರ್ಷವಾಯಿತು. "ಅಕ್ಟೋಬರಿನಲ್ಲಿ ಬಾ, ಕೆಂಪೆಲೆ ತೋರಿಸ್ತೇನೆ" ಎಂದು ಟಿಕೆಟ್ಟು ಕಳಿಸಿದ್ದಳು. ನನ್ನ ಮನೆಯವರು ಹದಿನೆಂಟು ಗಂಟೆ ಕೂತರೆ ಸೊಂಟ ಹೋಗುತ್ತದೆ ಎಂದು ಊರಲ್ಲೇ ಉಳಿದರು. ನಾನು ಕಿಟಕಿಯ ಸೀಟು ಬೇಡವೆಂದು ಹೇಳಿ, ನಡುವಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತು ಬಂದೆ. ನನಗೆ ಎತ್ತರವೆಂದರೆ ಆಗದು.

"ಕೆಂಪೆಲೆ ನೋಡ್ಲಿಕ್ಕೆ ಎಲ್ಲಿಗೆ ಹೋಗುದು?" ಎಂದು ದೋಸೆ ತಿನ್ನುವಾಗ ಕೇಳಿದೆ.

"ಕ್ವಿಬೆಕ್ಕಿನ ಬೆಟ್ಟಕ್ಕೆ. ಮೇಲಿಂದ ನೋಡಿದ್ರೆ ಕಾಡು ಇಡೀ ಕೆಂಪು ಕಾಣ್ತದೆ."

"ಮೇಲಿನವರೆಗೆ ಕಾರು ಹೋಗ್ತದಾ?"

"ಇಲ್ಲ. ಹತ್ತುದು" ಎಂದು ಅಕ್ಕ ನನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು.

ಅಕ್ಕನ ಬೇಸ್‌ಮೆಂಟು

ಇಲ್ಲಿಯ ಮನೆಗಳಿಗೆ ನೆಲದಡಿಯಲ್ಲಿ ಇನ್ನೊಂದು ಮನೆ ಇರುತ್ತದೆ. ಅಕ್ಕಿ ಮೂಟೆ, ಹಳೆಯ ಸೋಫಾ, ಮಕ್ಕಳು ಬಿಟ್ಟುಹೋದ ಸೈಕಲ್ಲು, ಎಲ್ಲ ಅಲ್ಲಿ. ಅಕ್ಕನ ಬೇಸ್‌ಮೆಂಟಿನಲ್ಲಿ ಇದೆಲ್ಲದರ ಜೊತೆ ಆ ಸಂಜೆ ಪಾಟೀಲರೂ ಇದ್ದರು. ಅಕ್ಕನ ಪರಿಚಯದವರು, ಧಾರವಾಡದ ಕಡೆಯವರು, ನಿವೃತ್ತ ಎಂಜಿನಿಯರು, ಎಪ್ಪತ್ತೈದು ದಾಟಿದವರು. ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸಿ, ಮಗಳ ಮದುವೆಯ ಏರ್ಪಾಡು ಮಾಡುವವರ ಗಾಂಭೀರ್ಯದಲ್ಲಿ ಪಟ್ಟಿ ತೋರಿಸುತ್ತಿದ್ದರು. ಹೆಲ್ಮೆಟ್ಟು ಯಾರದ್ದು, ಕೈಗವಸು ಎಷ್ಟು ಜೊತೆ, ಮಳೆ ಬಂದರೆ ಯಾವ ದಿನ, ಚುರುಮುರಿ ಎಷ್ಟು ಡಬ್ಬಿ.

ಮತ್ತೆ ಒಂದು ಚಿತ್ರ ಬಂತು. ನೆಟ್ಟಗೆ ನಿಂತ ಬಂಡೆ. ಬಂಡೆಗೆ ಹೊಡೆದ ಕಬ್ಬಿಣದ ಕೋಲುಗಳು, ಅವುಗಳ ಪಕ್ಕದಲ್ಲೇ ಓಡುವ ಉಕ್ಕಿನ ಹಗ್ಗ. ಕೆಂಪು ಜಾಕೆಟಿನ ಹೆಂಗಸೊಬ್ಬಳು ಅಂಥ ಒಂದು ಕೋಲಿನ ಮೇಲೆ ನಿಂತು ಕೆಮರಾಕ್ಕೆ ನಗುತ್ತಿದ್ದಳು. ಅವಳ ಪಾದದ ಕೆಳಗೆ ಮರಗಳ ತಲೆ ಬಿಟ್ಟರೆ ಬೇರೇನಿಲ್ಲ.

"ವಿಯಾ ಫೆರಾಟ ಅಂತಾರ್ರಿ ಅಕ್ಕಾರ" ಎಂದರು ಪಾಟೀಲರು ನನ್ನ ಕಡೆ ತಿರುಗಿ. "ಇಟಲಿ ಮಾತು. ಕಬ್ಬಿಣದ ದಾರಿ ಅಂತ ಅರ್ಥ. ಏನ್ ಹೆದರಬ್ಯಾಡ್ರಿ. ನಡಕ್ಕ ಪಟ್ಟಿ ಕಟ್ಟಿರ್ತಾರ, ಪಟ್ಟಿಗೆ ಎರಡು ಕೊಂಡಿ ಇರ್ತಾವ. ಒಂದು ತಗದ್ರ ಇನ್ನೊಂದು ಹಗ್ಗ ಹಿಡಕೊಂಡಿರ್ತದ."

"ಯಾರು ಹತ್ತುವುದು?" ಎಂದೆ. ನನಗೆ ಇನ್ನೂ ಅರ್ಥವಾಗಿರಲಿಲ್ಲ.

"ನಾವಽ ಮೂರು ಮಂದಿ" ಎಂದು ಅವರು ಗುಂಡಿ ಒತ್ತಿದರು. ಪರದೆಯ ಮೇಲೆ ಮೂರು ಹೆಸರು ಬಂದವು. ಮೂರನೆಯದು ಪಾಟೀಲರದ್ದು, ಎರಡನೆಯದು ಅಕ್ಕನದ್ದು. ಮೊದಲನೆಯದು, ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ, ನನ್ನದು.

ನಮ್ಮ ಮನೆಯ ಅಟ್ಟದ ಏಣಿಯಲ್ಲಿ ಮೂರನೇ ಮೆಟ್ಟಿಲಿಗೆ ನನ್ನ ಕಾಲು ನಡುಗುತ್ತದೆ. ಅಟ್ಟದ ಸಾಮಾನು ಬೇಕಾದರೆ ಪಕ್ಕದ ಮನೆಯವರನ್ನು ಕರೆಯುತ್ತೇನೆ.

"ಅಕ್ಕ, ನಿನಗೆ ತಲೆ ಸರಿ ಉಂಟಾ?"

"ಪಾಟೀಲ್ರ ಹೆಂಡ್ತಿಗೆ ಮೊಣಕಾಲು ನೋವು. ಮೂರು ಜನ ಇಲ್ಲದಿದ್ರೆ ಗೈಡು ಬರುದಿಲ್ಲ. ಹಿಮ ಬಿದ್ರೆ ದಾರಿ ಮುಚ್ತಾರೆ, ಮತ್ತೆ ಬರುವ ವರ್ಷ. ನೀನು ಸುಮ್ನೆ ಯೋಚನೆ ಮಾಡು" ಎಂದಳು, ಪೇಟೆಗೆ ಬರುತ್ತೀಯಾ ಎಂದು ಕೇಳುವ ದನಿಯಲ್ಲಿ.

ಮುಂದಿನದು ಒಪ್ಪಿಗೆ ಪತ್ರ. ಅದನ್ನು ನಾನು ಕೌಂಟರಿನ ಅಭ್ಯಾಸದಲ್ಲಿ ಅಕ್ಷರ ಬಿಡದೆ ಓದಿದೆ. ಒಂದೇ ಪುಟದಲ್ಲಿ ನಾಲ್ಕು ಸಲ ಸಾವು ಎಂದು ಬರೆದಿದ್ದರು. ಬಿದ್ದು ಸಾವು, ಕಲ್ಲು ಬಿದ್ದು ಸಾವು, ಸಿಡಿಲು ಹೊಡೆದು ಸಾವು, ಮತ್ತೆ ಊಹಿಸಲಾಗದ ಇತರ ಸಾವು. ನಮ್ಮಲ್ಲಿ ಪ್ರಯಾಣ ಹೊರಟವರ ಎದುರು ಸೀನಿದರೂ ಒಂದು ಗಳಿಗೆ ಕೂತು ಹೋಗಿ ಎನ್ನುತ್ತಾರೆ. ಅಕ್ಕ ಕೊರಿಯರಿನವನಿಗೆ ಸಹಿ ಹಾಕುವ ಹಾಗೆ ಅದರ ಕೆಳಗೆ ಸಹಿ ಗೀಚಿ ಪೆನ್ನು ನನ್ನ ಕಡೆ ಚಾಚಿದಳು. ನಾನು ಮುಟ್ಟಲಿಲ್ಲ.

ಕ್ಲೈನ್‌ಬರ್ಗ್

ಅಕ್ಕನ ಮಗಳು ನಿಶಾ ಇರುವುದು ಕ್ಲೈನ್‌ಬರ್ಗಿನಲ್ಲಿ. ಹಳೆಯ ಪೇಟೆಬೀದಿ ನಮ್ಮ ಮೂಡುಬಿದಿರೆಯ ಪೇಟೆಯಷ್ಟೇ ಅಗಲ. ಅದನ್ನು ದಾಟಿದರೆ ಮದುವೆ ಹಾಲಿನಂಥ ಮನೆಗಳು. ಅಂಥ ಒಂದು ಮನೆಯಲ್ಲಿ ಮೂರೇ ಜನ ಇರುತ್ತಾರೆ ಎನ್ನುವುದು ನನಗೆ ಇನ್ನೊಂದು ಆಘಾತ.

ಊಟವಾದ ಮೇಲೆ ಅಕ್ಕ ಟೀವಿ ಎದುರು ಕೂತಳು. ನಿಶಾ ಪಾತ್ರೆ ತೊಳೆಯುವ ನೆಪದಲ್ಲಿ ನನ್ನನ್ನು ಅಡುಗೆಮನೆಗೆ ಎಳೆದಳು. ನಲವತ್ತು ವರ್ಷದ ಹುಡುಗಿ, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷೇ.

"ಚಿಕ್ಕಮ್ಮ, ಯು ಹ್ಯಾವ್ ಟು ಸ್ಟಾಪ್ ಹರ್. ಶಿ ವೋಂಟ್ ಲಿಸನ್ ಟು ಮಿ."

"ನನ್ನ ಮಾತು ಕೇಳ್ತಾಳಾ ಅವಳು?"

"ಯು ಆರ್ ಹರ್ ಬೇಬಿ" ಎಂದಳು ನಿಶಾ. ನಗುತ್ತಿರಲಿಲ್ಲ. "ಅಮ್ಮ ಡಿಡಂಟ್ ಟೆಲ್ ಯು ಅಬೌಟ್ ದಿ ಫಾಲ್, ರೈಟ್?"

ಅಕ್ಕ ನನಗೆ ಹೇಳಿರಲಿಲ್ಲ. ಹೋದ ಚಳಿಗಾಲ ಕಸದ ಡಬ್ಬಿ ರಸ್ತೆಗೆ ತಳ್ಳುವಾಗ ಮನೆಯ ಎದುರಲ್ಲೇ ಐಸಿನ ಮೇಲೆ ಜಾರಿ ಬಿದ್ದಿದ್ದಳಂತೆ. ಎಡಗೈ ಮಣಿಕಟ್ಟು ಮುರಿದಿತ್ತು. ಏಳಲಾಗದೆ ಇಪ್ಪತ್ತು ನಿಮಿಷ ಹಾಗೇ ಕೂತಿದ್ದಳು, ನಾಯಿ ತಿರುಗಾಡಿಸುವ ಒಬ್ಬರು ನೋಡಿ ಆಂಬುಲೆನ್ಸ್ ಕರೆಸುವವರೆಗೆ. ಆ ತಿಂಗಳು ನಾನು ಫೋನು ಮಾಡಿದಾಗಲೆಲ್ಲ "ಇಲ್ಲಿ ಚಳಿ ಜೋರು, ಕೈ ಮರಗಟ್ತದೆ" ಎಂದು ಬೇಗ ಫೋನು ಇಟ್ಟಿದ್ದಳು. ಅಕ್ಕ ನನ್ನಿಂದ ಮುಚ್ಚಿಡುತ್ತಾಳೆ ಎನ್ನುವುದು ನಾನು ಎಂದೂ ಎಣಿಸದ ಸಂಗತಿ.

"ಡ್ಯಾಡ್ ಈಸ್ ಗಾನ್. ಐ ಕಾಂಟ್..." ಎಂದು ನಿಶಾ ಮಾತು ನಿಲ್ಲಿಸಿ ನಲ್ಲಿ ಜೋರಾಗಿ ಬಿಟ್ಟಳು. ನಮ್ಮ ಊರಲ್ಲಿ ಮಕ್ಕಳು ಬೆಟ್ಟ, ಸಮುದ್ರ ಎಂದು ಹೊರಟರೆ ತಾಯಂದಿರು ಅಳುತ್ತಾರೆ. ಇಲ್ಲಿ ತಾಯಿ ಹೊರಟಿದ್ದಾಳೆ, ಮಗಳು ಸಿಂಕಿನ ಎದುರು ಅಳುತ್ತಿದ್ದಾಳೆ. ನಾನು ಅವಳ ಒದ್ದೆ ಕೈ ಹಿಡಿದು, ಹೇಗಾದರೂ ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟೆ. ಹೇಗೆ ಎಂದು ನನಗೂ ಗೊತ್ತಿರಲಿಲ್ಲ.

ಗೋಡೆ ಹತ್ತುವ ಜಾಗ

ಬರ್ಲಿಂಗ್ಟನ್ನಿನ ಕಾರ್ಖಾನೆಗಳ ಸಾಲಿನಲ್ಲಿ ಒಂದು ದೊಡ್ಡ ಶೆಡ್ಡು. ಒಳಗೆ ನಾಲ್ಕು ಮಾಳಿಗೆ ಎತ್ತರದ ಗೋಡೆಗಳು, ಗೋಡೆ ತುಂಬ ಬಣ್ಣದ ಗುಬುಟುಗಳು. ಅವುಗಳನ್ನು ಹಿಡಿದು ಜನ ಹತ್ತುತ್ತಾರೆ, ಮೇಲೆ ಮುಟ್ಟಿ ಇಳಿಯುತ್ತಾರೆ, ಪುನಃ ಹತ್ತುತ್ತಾರೆ. ಮೇಲೆ ಏನೂ ಇಲ್ಲ, ತರಲಿಕ್ಕೂ ಇಲ್ಲ, ಇಡಲಿಕ್ಕೂ ಇಲ್ಲ. ಆರು ವರ್ಷದ ಹೆಣ್ಣುಮಗುವೊಂದು ತಲೆ ಕೆಳಗಾಗಿ ನೇತಾಡುತ್ತಿತ್ತು, ಅದರ ತಾಯಿ ಬೆಂಚಿನಲ್ಲಿ ಕೂತು ಸೇಬು ತಿನ್ನುತ್ತಿದ್ದಳು. ನಾನಾಗಿದ್ದರೆ ಆ ಸೇಬು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಅಕ್ಕ ಬೇಸಿಗೆಯಿಡೀ ಇಲ್ಲಿ ಕಲಿತಿದ್ದಾಳಂತೆ. ಮೂಗಿಗೆ ಬಳೆಯಂಥ ರಿಂಗು ಹಾಕಿದ ಹುಡುಗಿಯೊಬ್ಬಳು ಇಲ್ಲಿ ಕಲಿಸುವವಳು. ಅವಳು ಅಕ್ಕನ ಸೊಂಟದ ಪಟ್ಟಿ ಎಳೆದು ನೋಡಿ "ರೆಡಿ, ವಾರಿಜ?" ಎಂದಳು. ಮೊಮ್ಮಗಳ ವಯಸ್ಸಿನವಳು ಹೆಸರು ಹಿಡಿದು ಕರೆದದ್ದಕ್ಕೆ ನಾನು ಬೆಚ್ಚಿದೆ, ಅಕ್ಕ ಮಾತ್ರ ಹೆಬ್ಬೆರಳು ಎತ್ತಿ ಹತ್ತಲು ಶುರು ಮಾಡಿದಳು. ಸೀರೆ ಬಿಟ್ಟು ಪ್ಯಾಂಟಿಗೆ ಬಂದು ನಲವತ್ತು ವರ್ಷವಾದರೂ ಅವಳು ನಡೆಯುವಾಗ ಎಡಗೈಯಲ್ಲಿ ಇಲ್ಲದ ನೆರಿಗೆ ಹಿಡಿಯುತ್ತಾಳೆ. ಗೋಡೆಯ ಮೇಲೆ ಆ ಅಭ್ಯಾಸ ಕಾಣಲಿಲ್ಲ.

ಪಾಟೀಲರು ನನ್ನ ಪಕ್ಕ ಕೂತು ತೂಕದ ಲೆಕ್ಕ ಹೇಳುತ್ತಿದ್ದರು. ಬಿದ್ದಾಗ ಏಟು ಹೀರಿಕೊಳ್ಳುವ ಒಂದು ಪಟ್ಟಿ ಇರುತ್ತದಂತೆ. "ನಲವತ್ತು ಕಿಲೋಕಿಂತ ಕಮ್ಮಿ ಇದ್ರ ಅದು ಸರಿಯಾಗಿ ಬಿಚ್ಚಂಗಿಲ್ರಿ. ಅಂಥವ್ರನ್ನ ಬಿಡೂದಿಲ್ಲ." ನನ್ನ ತೂಕ ಐವತ್ತೆಂಟು. ತೆಳ್ಳಗಿಲ್ಲವಲ್ಲ ಎಂದು ನಾನು ಹೊಟ್ಟೆ ಉರಿದುಕೊಂಡದ್ದು ಜೀವನದಲ್ಲಿ ಅದೇ ಮೊದಲು.

ಅಕ್ಕ ಅರ್ಧಕ್ಕಿಂತ ಮೇಲೆ ಮುಟ್ಟಿದಳು. ಅಲ್ಲಿಂದ ತಿರುಗಿ ನನ್ನನ್ನು ನೋಡಿ ಬಾಯಿ ತುಂಬ ನಕ್ಕಳು. ಭಾವ ಹೋದ ಮೇಲೆ ವಿಡಿಯೋ ಕರೆಗಳಲ್ಲಿ ನಾನು ಆ ನಗು ಕಂಡಿರಲಿಲ್ಲ. ಸುತ್ತ ಇದ್ದ ಅಪರಿಚಿತರೆಲ್ಲ ಕೈ ತಟ್ಟಿ "ಗುಡ್ ಫಾರ್ ಯೂ!" ಎಂದರು. ಈ ದೇಶದಲ್ಲಿ ಯಾರು ಏನು ಮಾಡಹೊರಟರೂ ಹೀಗೆನ್ನುತ್ತಾರೆ. ಹಲ್ಲು ಕೀಳಿಸಿದೆ ಎಂದರೂ ಗುಡ್ ಫಾರ್ ಯೂ. ನಮ್ಮಲ್ಲಾದರೆ ಹತ್ತು ಜನ ಸೇರಿ "ಈ ಪ್ರಾಯದಲ್ಲಿ ಯಾಕೆ ಬೇಕಿತ್ತು?" ಎಂದು ಕೇಳಿ ಇಳಿಸುತ್ತಿದ್ದರು. ನಾನು ಒಬ್ಬಳೇ ಹತ್ತು ಜನರಾಗಲು ಎಷ್ಟು ಹೊತ್ತು ಬೇಕು ಎಂದು ಯೋಚಿಸುತ್ತ ಕೂತಿದ್ದೆ.

ರಿಚ್ಮಂಡ್ ಹಿಲ್

ಉಪಾಯ ಹೊಳೆದದ್ದು ರಿಚ್ಮಂಡ್ ಹಿಲ್ಲಿನ ದೇವಸ್ಥಾನದಲ್ಲಿ. ಶೂ ಬಿಚ್ಚಿ, ಜಾಕೆಟು ನೇತುಹಾಕಿ, ಸಾಕ್ಸಿನಲ್ಲೇ ನುಣ್ಣನೆ ನೆಲದ ಮೇಲೆ ಜಾರದಂತೆ ನಡೆದು ದೇವರ ಎದುರು ನಿಂತೆ. ಅಕ್ಕನಿಗೆ ಬುದ್ಧಿ ಕೊಡಪ್ಪ ಎಂದು ಕೈ ಮುಗಿಯುವಾಗ, ದೇವರೇ ಹೇಳಿದರೆ ಕೇಳಿಯಾಳು ಎನಿಸಿತು.

ವಾಪಸು ಬರುವಾಗ ಕಾರಿನಲ್ಲಿ ಹೇಳಿದೆ. "ಅಕ್ಕ, ದೇವ್ರ ಹತ್ರ ಕೇಳಿ ನೋಡುವ. ಊರಲ್ಲಿ ಅಪ್ಪ ಕೇಳ್ತಿದ್ರಲ್ಲ, ಹೂವಿನ ಪೊಟ್ಟಣ ಇಟ್ಟು. ದೇವ್ರು ಆಗ್ಬಹುದು ಅಂದ್ರೆ ನಾನು ಇನ್ನು ಬಾಯಿ ಬಿಚ್ಚುದಿಲ್ಲ. ಬೇಡ ಅಂದ್ರೆ ನೀನು ಬಿಡ್ಬೇಕು."

ಅಕ್ಕ ನನ್ನನ್ನು ಒಂದು ಸಲ ನೋಡಿದಳು. ಮತ್ತೆ ರಸ್ತೆ ನೋಡಿದಳು. "ಸರಿ. ನೀನೇ ಕಟ್ಟು" ಎಂದಳು. ಹೆದ್ದಾರಿಯ ಎರಡು ಬದಿಯಲ್ಲೂ ಮರಗಳು ಕೆಂಪಾಗಿ ಉರಿಯುತ್ತಿದ್ದವು. ಅದನ್ನು ನೋಡಲೆಂದೇ ಬಂದವಳಾದರೂ ನಾನು ನೋಡಿದ್ದು ಅಕ್ಕನ ಮುಖವನ್ನೇ.

ದೇವರ ಕಪಾಟು

ಈ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮದುವೆಯೋ ಜಾಗದ ವಿಷಯವೋ ತೀರ್ಮಾನವಾಗದೆ ಉಳಿದರೆ, ಒಂದು ಬಿಳಿ ಹೂ, ಒಂದು ಕೆಂಪು ಹೂ ಬೇರೆಬೇರೆ ಎಲೆಯಲ್ಲಿ ಮಡಚಿ ದೇವರ ಎದುರು ಇಡುತ್ತಾರೆ. ಪೊಟ್ಟಣ ಕಟ್ಟದವರು ಪ್ರಾರ್ಥಿಸಿ ಒಂದನ್ನು ಎತ್ತುತ್ತಾರೆ. ಬಿಳಿ ಬಂದರೆ ಆಗಬಹುದು, ಕೆಂಪು ಬಂದರೆ ಬೇಡ. ಅದರ ಮೇಲೆ ಚರ್ಚೆಯಿಲ್ಲ. ಎತ್ತದೆ ಉಳಿದ ಪೊಟ್ಟಣವನ್ನು ಯಾರೂ ಬಿಚ್ಚುವುದಿಲ್ಲ, ನೀರಿಗೆ ಬಿಡುತ್ತಾರೆ.

ಅಕ್ಕನ ದೇವರು ಇರುವುದು ಅಡುಗೆಮನೆಯ ಕಪಾಟಿನಲ್ಲಿ, ಬಾಗಿಲು ತೆರೆದರೆ ಗಣಪತಿ, ಮುಚ್ಚಿದರೆ ಅಡುಗೆಮನೆ. ಮರುದಿನ ಬೆಳಿಗ್ಗೆ ಪೊಟ್ಟಣ ಕಟ್ಟಲು ಬಾಳೆಲೆ ಇರಲಿಲ್ಲ, ಅಲ್ಯೂಮಿನಿಯಂ ಫಾಯಿಲ್ ತೆಗೆದುಕೊಂಡೆ. ಹೂವಿಗೆ ಕೊರತೆಯಿಲ್ಲ. ಈ ಕಾಲದಲ್ಲಿ ಇಲ್ಲಿ ಎಲ್ಲರ ಮೆಟ್ಟಿಲ ಮೇಲೂ ಸೇವಂತಿಗೆಯ ಕುಂಡ ಇರುತ್ತದೆ. ಅಕ್ಕನ ಕುಂಡಗಳಲ್ಲಿ ಬಿಳಿಯೂ ಇತ್ತು, ಕೆಂಪೂ ಇತ್ತು.

ನಾನು ಎರಡೂ ಪೊಟ್ಟಣಕ್ಕೆ ಕೆಂಪನ್ನೇ ಇಟ್ಟೆ.

ಹೌದು, ದೇವರ ಎದುರು ಮೋಸ ಮಾಡಿದೆ. ನಿಶಾಳ ಒದ್ದೆ ಕೈ ನೆನಪಿತ್ತು, ಅಕ್ಕ ಐಸಿನ ಮೇಲೆ ಒಬ್ಬಳೇ ಕೂತದ್ದು ಕಣ್ಣಿಗೆ ಕಟ್ಟಿತ್ತು. ಮೂವತ್ತೈದು ವರ್ಷ ಲಕೋಟೆ ಮಡಚಿದ ಕೈ. ಎರಡೂ ಪೊಟ್ಟಣ ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ ಒಂದೇ ಥರ ಬಂದವು.

ಅಕ್ಕ ಸ್ನಾನ ಮಾಡಿ ಬಂದಳು. ದೀಪ ಹಚ್ಚಿ, ಕೈ ಮುಗಿದು, ಬಲಬದಿಯದ್ದನ್ನು ಎತ್ತಿ ಬಿಚ್ಚಿದಳು. ಕೆಂಪು. ನಾನು ಮುಖದಲ್ಲಿ ಬೇಸರ ತಂದುಕೊಳ್ಳುವಷ್ಟರಲ್ಲಿ ಅವಳ ಕೈ ಮತ್ತೆ ಕಪಾಟಿಗೆ ಹೋಯಿತು. ಎರಡನೆಯದನ್ನೂ ಎತ್ತಿದಳು.

"ಅಕ್ಕ, ಅದನ್ನು ಬಿಚ್ಬಾರ್ದು!"

ಬಿಚ್ಚಿದಳು. ಎರಡು ಕೆಂಪು ಸೇವಂತಿಗೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ನನ್ನನ್ನು ನೋಡಿದಳು. ನೆಲ ಬಾಯಿ ಬಿಟ್ಟಿದ್ದರೆ ನಾನು ಇಳಿದುಬಿಡುತ್ತಿದ್ದೆ. ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ, ಕುರ್ಚಿ ಎಳೆದು ಕೂತಳು.

"ಅಪ್ಪ ನಿನ್ನ ಹಿಮಾಲಯದ್ದು ಕೇಳಿದ ದಿನ ಪೊಟ್ಟಣ ಕಟ್ಟಿದ್ದು ನಾನು. ನೆನಪುಂಟಾ?"

ನೆನಪಿರದೆ ಏನು. ನನಗೆ ಹತ್ತೊಂಬತ್ತು ವರ್ಷ, ಕಾಲೇಜಿನ ಎನ್‌ಸಿಸಿಯಲ್ಲಿದ್ದೆ. ಹಿಮಾಲಯದಲ್ಲಿ ಒಂದು ತಿಂಗಳು ಬೆಟ್ಟ ಹತ್ತುವ ತರಬೇತಿಗೆ ನಮ್ಮ ಕಾಲೇಜಿನಿಂದ ಆಯ್ಕೆಯಾದವಳು ನಾನೊಬ್ಬಳೇ. ಕ್ಯಾನ್ವಾಸ್ ಶೂವಿಗೆ ಬಿಳಿ ಬಳಿದು, ಚೀಲ ಕಟ್ಟಿ ಆಗಿತ್ತು. ಅಪ್ಪ ಹೋಗು ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ, ದೇವರ ಮೇಲೆ ಹಾಕಿದರು. ನಾನೇ ಎತ್ತಿದೆ. ಕೆಂಪು ಕೇಪಳದ ಹೂ ಬಂತು.

"ಎರಡ್ರಲ್ಲೂ ಕೇಪಳ ಇಟ್ಟಿದ್ದೆ ಬೇಬಿ" ಎಂದಳು ಅಕ್ಕ.

ನನಗೆ ಕೇಳಿಸಿತು. ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ದೀಪ ಉರಿಯುತ್ತಿತ್ತು, ಹಿಂದೆ ಫ್ರಿಜ್ಜು ಗುಂಯ್ ಎನ್ನುತ್ತಿತ್ತು, ನಾನು ಮಿಕ್ಸಿಯ ವಯರನ್ನು ನೋಡುತ್ತ ನಿಂತಿದ್ದೆ.

"ಯಾಕೆ?"

"ಹೆದರಿಕೆ. ಅಮ್ಮ ಹೋಗುವಾಗ ನಿನ್ನನ್ನು ನನ್ನ ಕೈಯಲ್ಲಿ ಕೊಟ್ಟು ಹೋದದ್ದು. ನೀನು ಬಿದ್ರೆ ಎಂತ ಮಾಡುದು? ಎರಡು ದಿನ ಅಳ್ತಿ, ಮತ್ತೆ ಮರೀತಿ ಅಂತ ಎಣಿಸಿದೆ. ನೀನು ಅಳಲೇ ಇಲ್ಲ. ದೇವ್ರು ಬೇಡ ಅಂದ್ರಲ್ಲ ಅಂತ ಚೀಲ ಬಿಚ್ಚಿ ಇಟ್ಟಿ. ಮತ್ತೆ ಹೇಳ್ಲಿಕ್ಕೆ ನನಗೆ ಬಾಯಿ ಬರ್ಲಿಲ್ಲ. ಇಲ್ಲಿಗೆ ಬಂದೆ. ಫೋನಲ್ಲಿ ಹೇಳುವ ವಿಷಯವಾ ಅದು?"

"ಈಗ ಯಾಕೆ ಹೇಳಿದ್ದು?"

"ಚಳಿಗಾಲದಲ್ಲಿ ಹೊರಗೆ ಬಿದ್ದು ಕೂತಿದ್ದೆ. ಇಷ್ಟು ಜಾಗ್ರತೆ ಮಾಡಿಯೂ ಮನೆ ಬಾಗಿಲಲ್ಲೇ ಬಿದ್ದೆನಲ್ಲ ಅಂತ ನಗು ಬಂತು. ಆಗ ನಿನ್ನ ಚೀಲ ನೆನಪಾಯ್ತು. ಅದಕ್ಕೇ ನಿನ್ನ ಹೆಸ್ರು ಮೊದ್ಲು ಬರ್ದದ್ದು. ಪಾಟೀಲ್ರ ಹೆಂಡ್ತಿ ಮೊಣಕಾಲು ಅಂದದ್ದು ಎಲ್ಲ ನೆಪ, ಇಬ್ಬರಿದ್ರೂ ಗೈಡು ಬರ್ತಾನೆ. ನೀನು ಹತ್ತುದಾದ್ರೆ ನಾನೂ ಹತ್ತುದು. ನೀನು ಬೇಡ ಅಂದ್ರೆ ನಾನೂ ಇಲ್ಲ. ಇನ್ನು ಯಾವ ಪೊಟ್ಟಣವೂ ಬೇಡ, ನಿನ್ನ ಬಾಯಿಂದ ಹೇಳು."

ನಾನು ಅಕ್ಕನ ಜಾಕೆಟು ಎಳೆದುಕೊಂಡು ಹೊರಗೆ ನಡೆದೆ.

ಸರೋವರದ ದಂಡೆ

ಒಂಟಾರಿಯೋ ಸರೋವರ ನೋಡಿದವರು ಸಮುದ್ರವೆಂದೇ ಹೇಳಬೇಕು, ಆಚೆ ದಡ ಕಾಣುವುದಿಲ್ಲ. ಉಪ್ಪಿನ ವಾಸನೆ ಮಾತ್ರ ಇಲ್ಲ, ಮೀನಿನ ಬುಟ್ಟಿಯೂ ಇಲ್ಲ. ಬೆಂಚಿನಲ್ಲಿ ಕೂತೆ. ಗಾಳಿಗೆ ಕಿವಿ ನೋಯುತ್ತಿತ್ತು. ನಾಯಿ ಹಿಡಿದುಕೊಂಡು ಹೋಗುತ್ತಿದ್ದವರೊಬ್ಬರು ನಿಂತು "ಆರ್ ಯೂ ಓಕೆ?" ಎಂದು ಕೇಳಿದರು. ಓಕೆ ಎಂದೆ. ಅಲ್ಲ ಎಂದಿದ್ದರೆ ಅವರಿಗೆ ಏನೆಂದು ವಿವರಿಸಲಿ?

ನಾನು ಕಾರ್ಕಳದಲ್ಲಿ ನಲವತ್ತು ವರ್ಷದಿಂದ ಇದ್ದೇನೆ. ಗೊಮ್ಮಟ ಬೆಟ್ಟ ನಮ್ಮ ಕಚೇರಿಯಿಂದ ಕಾಣುತ್ತಿತ್ತು. ಶಾಲೆಯ ಮಕ್ಕಳು, ತೊಂಬತ್ತರ ಮುದುಕರು, ದೂರದೂರಿನ ಬಸ್ಸುಗಳಲ್ಲಿ ಬಂದವರು ಎಲ್ಲ ಹತ್ತುತ್ತಾರೆ. ನಾನು ಒಮ್ಮೆಯೂ ಹತ್ತಿಲ್ಲ. ಕೆಳಗಿಂದಲೇ ಕೈ ಮುಗಿದು ಬರುತ್ತೇನೆ. ದೇವರು ನನ್ನ ಒಳ್ಳೆಯದಕ್ಕೇ ಬೇಡ ಎಂದದ್ದು, ನನ್ನ ಜಾತಕದಲ್ಲಿ ಎತ್ತರದಿಂದ ಅಪಾಯ ಇರಬೇಕು ಎಂದು ನಂಬಿದ್ದೆ. ಹಾಗೆ ನಂಬುತ್ತ ನಂಬುತ್ತ ಏಣಿಗೆ ಕಾಲು ನಡುಗಲು ಶುರುವಾದದ್ದು. ಹತ್ತೊಂಬತ್ತರಲ್ಲಿ ಗೇರುಮರದ ತುದಿಗೆ ಹೋಗುತ್ತಿದ್ದ ಹುಡುಗಿಯ ಕಾಲು ಎಂದೂ ನಡುಗಿರಲಿಲ್ಲ. ಆ ಹುಡುಗಿಯನ್ನು ಕೂರಿಸಿದ್ದು ದೇವರಲ್ಲ, ನನ್ನಕ್ಕ. ಅಕ್ಕ ಎದುರಿದ್ದರೆ ಹೊಡೆದೇಬಿಡುತ್ತಿದ್ದೆನೋ ಏನೋ.

ಬೇಡ ಎನ್ನುವುದು ಸುಲಭವಿತ್ತು. ಒಂದೇ ಮಾತು. ನಿಶಾಳಿಗೆ ಕೊ‌ಟ್ಟ ಮಾತು ಉಳಿಯುತ್ತಿತ್ತು, ಅಕ್ಕ ಕ್ಷೇಮವಾಗಿ ಮನೆಯಲ್ಲಿರುತ್ತಿದ್ದಳು, ನನಗೂ ಬಂಡೆ ತಪ್ಪುತ್ತಿತ್ತು. ಅಕ್ಕನೂ ಆ ದಿನ ಹೀಗೇ ಲೆಕ್ಕ ಹಾಕಿರಬೇಕು. ಎರಡು ಕೇಪಳ ಕೊಯ್ಯುವಾಗ ಅವಳಿಗೂ ತಾನು ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದೇ ಅನಿಸಿರಬೇಕು. ಈ ಬೆಳಿಗ್ಗೆ ನನಗೂ ಹಾಗೇ ಅನಿಸಿತ್ತು.

ನಿಶಾಳಿಗೆ ಫೋನು ಮಾಡಿದೆ.

"ಡಿಡ್ ಯು ಟಾಕ್ ಟು ಹರ್, ಚಿಕ್ಕಮ್ಮ?"

"ಮಾತಾಡಿದೆ. ನಿಲ್ಲಿಸ್ಲಿಕ್ಕೆ ಆಗ್ಲಿಲ್ಲ ಮಗಾ. ನಾನೂ ಹೋಗ್ತೇನೆ."

ಆ ಕಡೆಯಿಂದ, ಅವಳು ಹುಟ್ಟಿದಂದಿನಿಂದ ನಾನು ಕೇಳದ ಒಂದು ಪೂರ್ತಿ ಕನ್ನಡ ವಾಕ್ಯ ಬಂತು. "ನಿಮಗಿಬ್ಬರಿಗೂ ಮರ್ಲು."

"ಹೌದು. ನಿನ್ನಮ್ಮನಿಗೆ ನೀನೇ ಹೇಳು. ನಾನು ಅವಳ ಹತ್ರ ಮಾತು ಬಿಟ್ಟಿದ್ದೇನೆ" ಎಂದೆ.

ಮತ್ತೆ ಅದೇ ಗೋಡೆ

ಮೂರು ದಿನ ನಾವಿಬ್ಬರೂ ಒಂದೇ ಮನೆಯಲ್ಲಿ ಮಾತಿಲ್ಲದೆ ಇದ್ದೆವು. ಅವಳು ಗಂಜಿ ಬಡಿಸುತ್ತಿದ್ದಳು, ನಾನು ಉಣ್ಣುತ್ತಿದ್ದೆ. ಉಪ್ಪಿನಕಾಯಿ ಬೇಕಾದರೆ ಎದ್ದು ನಾನೇ ಹಾಕಿಕೊಳ್ಳುತ್ತಿದ್ದೆ. ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕಿ ಮೇಜಿನ ಮೇಲೆ ಇಟ್ಟದ್ದನ್ನು ಅವಳು ನೋಡಿದಳು, ಮಡಚಿಟ್ಟುಕೊಂಡಳು. ಪಾಟೀಲರು ನಡುವೆ ಸಿಕ್ಕಿಬಿದ್ದು, "ಅಕ್ಕಾರ, ಹೆಲ್ಮೆಟ್ ಸೈಜ್ ಎಷ್ಟ್ರಿ?" ಎಂಬಂಥ ಪ್ರಶ್ನೆಗಳನ್ನು ಆಕಡೆ ಈಕಡೆ ಹೊರುತ್ತಿದ್ದರು.

ನಾಲ್ಕನೇ ದಿನ ಅಭ್ಯಾಸ. ಶೆಡ್ಡಿನ ಒಂದು ಗೋಡೆಗೆ ನಮಗೆಂದೇ ಕಬ್ಬಿಣದ ಮೆಟ್ಟಿಲು ಜೋಡಿಸಿ ಉಕ್ಕಿನ ಹಗ್ಗ ಬಿಗಿದಿದ್ದರು. ಅಲ್ಲಲ್ಲಿ ಬೋಲ್ಟು ಹೊಡೆದು ಹಗ್ಗವನ್ನು ಗೋಡೆಗೆ ಹಿಡಿಸಿದ್ದರು. ಮೂಗಿನ ರಿಂಗಿನ ಹುಡುಗಿ ನಿಯಮ ಹೇಳಿದಳು. ಬೋಲ್ಟು ಬಂದಲ್ಲಿ ಒಂದು ಕೊಂಡಿ ಬಿಚ್ಚಿ ಆಚೆ ಹಾಕಬೇಕು, ಮತ್ತೆ ಇನ್ನೊಂದು. ಎರಡು ಬೋಲ್ಟಿನ ನಡುವೆ ಒಬ್ಬರೇ ಇರಬೇಕು. ಮೇಲಿನವರು ಬೋಲ್ಟು ದಾಟಿ ಕರೆದ ಮೇಲೆಯೇ ಕೆಳಗಿನವರು ಹೊರಡಬೇಕು. ಮೇಲಿನವರು ಬಿದ್ದರೆ ಕೆಳಗಿನವರ ಮೇಲೇ ಬೀಳುತ್ತಾರೆ.

ಪಟ್ಟಿಯಲ್ಲಿ ನನ್ನ ಹೆಸರು ಮೊದಲು. ಹಾಗಾಗಿ ನಾನು ಮೇಲೆ, ಅಕ್ಕ ಕೆಳಗೆ.

ಮೂರನೇ ಮೆಟ್ಟಿಲಿಗೆ ಕಾಲು ನಡುಗಿತು. ನಾಲ್ಕನೆಯದಕ್ಕೂ ನಡುಗಿತು. ಐದು, ಆರು, ನಡುಗುತ್ತಲೇ ಹತ್ತಿದೆ. ಅಂಗೈ ಬೆವರಿ ಕಬ್ಬಿಣ ಜಾರಿತು. ದೇವರ ಹೆಸರು ಬಾಯಿಗೆ ಬಂತು, ಈ ಸಲ ಅವನನ್ನು ಸುಮ್ಮನೆ ಬಿಡೋಣ ಎನಿಸಿತು. ಬೋಲ್ಟಿನ ಹತ್ತಿರ ಒಂದು ಕೊಂಡಿ ಬಿಚ್ಚಿ ಆಚೆ ಹಾಕಿದೆ, ಟಕ್ ಎಂದಿತು. ಇನ್ನೊಂದನ್ನೂ ಹಾಕಿದೆ. ದಾಟಿದ್ದೆ.

ಕೆಳಗೆ ನೋಡಿದೆ. ಎರಡಾಳು ಎತ್ತರ ಕೆಳಗೆ ಅಕ್ಕ ಒಂದು ಕಬ್ಬಿಣದ ಮೆಟ್ಟಿಲ ಮೇಲೆ ನಿಂತು ಮುಖ ಮೇಲೆತ್ತಿದ್ದಳು. ಹೆಲ್ಮೆಟ್ಟಿನ ಕೆಳಗಿಂದ ಬಿಳಿ ಕೂದಲು ಹೊರಗೆ ಬಂದಿತ್ತು. ಹಗ್ಗ ಹಿಡಿದ ಎಡಗೈಯ ಮಣಿಕಟ್ಟು, ಮೂಳೆ ಕೂಡಿದ ಜಾಗದಲ್ಲಿ, ಸ್ವಲ್ಪ ಸೊಟ್ಟಗಿತ್ತು. ನಾನು ಕರೆಯದೆ ಅವಳು ಒಂದು ಮೆಟ್ಟಿಲೂ ಮೇಲೆ ಬರುವಂತಿಲ್ಲ.

ನಾನು ಕರೆಯಲಿಲ್ಲ. ಅವಳು ನಿಲ್ಲಲಿ ಎಂದು ಬಿಟ್ಟೆ. ಕೆಳಗಿನಿಂದ ಪಾಟೀಲರು "ಆತೇನ್ರಿ ಅಕ್ಕಾರ?" ಎಂದು ಕೂಗಿದರು. ಹುಡುಗಿಯೂ ಏನೋ ಕೇಳಿದಳು. ಅಕ್ಕ ಮಾತ್ರ ಏನೂ ಕೇಳಲಿಲ್ಲ. ಕೈ ಸೋಲುತ್ತಿತ್ತು ಎಂದು ಕಾಣುತ್ತಿತ್ತು. ಆದರೂ ಆತುರಪಡಿಸದೆ, ಕಣ್ಣು ನನ್ನ ಮೇಲಿಂದ ತೆಗೆಯದೆ ಕಾಯುತ್ತಿದ್ದಳು. ಬೇಡ, ಇಳಿ ಎಂದರೂ ಇಳಿಯುತ್ತಿದ್ದಳು. ಅದು ನನಗೆ ಗೊತ್ತಿತ್ತು.

"ಬಾ ಅಕ್ಕ" ಎಂದೆ. "ಮೆಲ್ಲ ಬಾ, ನಾನು ಇಲ್ಲಿದ್ದೇನೆ."